ಅಮಾವಾಸ್ಯೆಗೆ ಬಿಚ್ಚಬೇಕಾದ ಸುತ್ತು

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಹುಟ್ಟಿನಿಂದ ಹಾಗಲ್ಲ, ಮೂವತ್ತು ವರ್ಷ ಟೈರಿನ ಅಂಚನ್ನು ರಿಮ್ಮಿನೊಳಕ್ಕೆ ಒತ್ತಿ ಒತ್ತಿ ಹಾಗಾಗಿತ್ತು. ಉಗುರು ಅರ್ಧ ಸೀಳಿತ್ತು. ಆ ಸೀಳಿನೊಳಗೆ ಗ್ರೀಸು ತುಂಬಿ, ಎಷ್ಟು ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದ ಒಂದು ಕಪ್ಪು ಗೆರೆಯಾಗಿತ್ತು. ಬೆಳಿಗ್ಗೆ ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದುಕೊಂಡು ಅಂಗಡಿಗೆ ಬರುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಬೆವರು ಒರೆಸಿಕೊಳ್ಳಲು ಹೋಗಿ ಅದೇ ಹೆಬ್ಬೆರಳು ಹಣೆಯ ಮೇಲೆ ಹಾದು, ಮೂರು ಬಿಳಿ ಪಟ್ಟೆಗೆ ಒಂದು ಕರಿ ಪಟ್ಟೆ ಅಡ್ಡ ಬಿದ್ದಿರುತ್ತಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ಹಾಗಾಗಿ ದಿನಕ್ಕೆ ನೂರು ಸಲ ಅವರು ಹೇಳುತ್ತಿದ್ದ ‘ಥೂ’ ಎಂಬ ಮಾತು ‘ಫೂ’ ಎಂದು ಕೇಳಿಸುತ್ತಿತ್ತು. ಹೊಸಬರಿಗೆ ಯಾರೋ ದೀಪ ಆರಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಹಳೇಬೀಡಿನ ಬಸ್ ಸ್ಟ್ಯಾಂಡಿನಿಂದ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಸೈಕಲ್ ಶಾಪು. ಮುಂದೆ ಅಂಗಡಿ, ಹಿಂದೆ ಮನೆ. ಊರಿಗೆಲ್ಲ ಅವರು ಯಜಮಾನರು. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ದೇವಸ್ಥಾನ ನೋಡಲು ಬಂದವರು ವ್ಯಾನು ನಿಲ್ಲಿಸಿ ದಾರಿ ಕೇಳಿದರೆ ಮರ್ಯಾದೆಯಾಗಿಯೇ ಕೈ ತೋರಿಸುತ್ತಿದ್ದರು. ವ್ಯಾನು ಅತ್ತ ಹೋದ ಮೇಲೆ ಅದರ ನೆತ್ತಿಯ ಮೇಲೆ ಲಗೇಜು ಕಟ್ಟಿದ್ದ ಗಂಟನ್ನು ನೆನೆಸಿಕೊಂಡು ‘ಫೂ’ ಅನ್ನುತ್ತಿದ್ದರು.

ಅವರಿಗೆ ಹೇಸಿಗೆ ಆಗದ ವಸ್ತು ಜಗತ್ತಿನಲ್ಲಿ ಕಡಿಮೆ ಇತ್ತು. ಸೈಕಲ್ಲಿನ ಬಾರಿಗೆ ಎರಡು ಹಾಲಿನ ಕ್ಯಾನು ನೇತುಹಾಕಿ ಗುಂಡಿಗೆ ಇಳಿಸುವವರು, ಚೈನಿಗೆ ಅಡುಗೆ ಎಣ್ಣೆ ಬಿಡುವವರು, ಹ್ಯಾಂಡಲಿಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸುವವರು, ಇವರೆಲ್ಲ ಅವರ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚಿನ ಹೇಸಿಗೆಯನ್ನು ಅವರು ಒಂದು ಜಾತಿಯ ಜನಕ್ಕೆ ಮೀಸಲಿಟ್ಟಿದ್ದರು. ಹೊಸ ಸೈಕಲ್ ಬರುವಾಗ ಫ್ರೇಮಿಗೆ ಸುತ್ತಿ ಬರುವ ಪ್ಲಾಸ್ಟಿಕ್ಕನ್ನು ವರ್ಷವಾದರೂ ಬಿಚ್ಚದೆ, ಬಣ್ಣ ಹಾಳಾಗುತ್ತೆ ಅಂತ ಹಾಗೇ ಬಿಡುವವರಿಗೆ. ನಮ್ಮ ಕಡೆ ಆ ಜಾತಿಯವರೇ ಜಾಸ್ತಿ. ಮಳೆಗಾಲದ ನೀರು ಆ ಪ್ಲಾಸ್ಟಿಕ್ಕಿನೊಳಗೆ ಇಳಿದು, ಹೊರಗೆ ಬರಲಾಗದೆ, ಕಬ್ಬಿಣವನ್ನು ಒಳಗೊಳಗೇ ತಿಂದಿರುತ್ತಿತ್ತು. ಯಜಮಾನರು ಚಾಕುವಿನಿಂದ ಅದನ್ನು ಸರ್ರನೆ ಸೀಳಿ, ಕೆಂಪು ತುಕ್ಕಿನ ಪುಡಿಯನ್ನು ಮಾಲೀಕನ ಅಂಗೈಗೇ ಉದುರಿಸಿ, “ತಗೋ, ಬಣ್ಣ ಜೋಪಾನ ಮಾಡಿದೀಯ” ಅನ್ನುತ್ತಿದ್ದರು.

ನಾನು ಆಗ ಮಾದಿಹಳ್ಳಿಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಇಪ್ಪತ್ತಮೂರು ವರ್ಷ. ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ ಕೆಲಸ, ಮಧ್ಯೆ ಇಡೀ ಹಗಲು ಖಾಲಿ. ಕ್ಯಾನಿನ ಮುಚ್ಚಳ ತೆಗೆದು ಮೂಗು ತೂರಿಸಿದರೆ ಸಾಕು, ಹಾಲು ಒಡೆಯುವುದಕ್ಕೆ ಒಂದು ಗಂಟೆ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಈ ಮೂಗಿನ ಬಗ್ಗೆ ನನಗೆ ಜಂಬವಿತ್ತು. ಆ ಜಂಬ ನೆನೆದರೆ ಈಗ ಮೈ ಉರಿಯುತ್ತದೆ.

ಎರಡು ಸಾವಿರದ ಒಂದೋ ಎರಡೋ ಇರಬೇಕು. ಕೇಬಲ್ ಟಿವಿಯಲ್ಲಿ ಒಬ್ಬ ವಿದೇಶದವನು ಸೈಕಲ್ ಮೇಲೆ ನಿಂತು, ನೆಲಕ್ಕೆ ಕಾಲಿಡದೆ, ಬಂಡೆಯಿಂದ ಬಂಡೆಗೆ ಕುಪ್ಪಳಿಸುವುದನ್ನು ನೋಡಿದೆ. ಮೇಕೆ ಹತ್ತಿದ ಹಾಗೆ ಹತ್ತುತ್ತಿದ್ದ. ಅದಕ್ಕೆ ಟ್ರಯಲ್ಸ್ ಅನ್ನುತ್ತಾರೆ, ಅದಕ್ಕೆಂದೇ ಬೇರೆ ಸೈಕಲ್ ಇರುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ತಿಳಿದದ್ದು ಒಂದೇ, ನಾನೂ ಹಾಗೆ ಹಾರಬೇಕು. ದಪ್ಪ ಟೈರಿನ ಒಂದು ಹಳೆಯ ಸೈಕಲ್ ಸಂಪಾದಿಸಿ ಊರಾಚೆಯ ಬಂಡೆಯ ಹತ್ತಿರ ಹೋದೆ. ವಾರದಲ್ಲಿ ಫ್ರೇಮಿನ ಹೊಟ್ಟೆಯೆಲ್ಲ ತರಚಿ, ಎರಡು ಕಡೆ ಜಜ್ಜಿಹೋಯಿತು.

ಫ್ರೇಮು ಕಾಪಾಡಬೇಕಲ್ಲ, ಏನು ಮಾಡಿದೆ? ತೆಂಗಿನ ಸೀಮೆಯವನು ಏನು ಮಾಡುತ್ತಾನೋ ಅದನ್ನೇ. ನಮ್ಮ ಕಡೆ ಬಾವಿಗೂ ನಾರಿನ ಹಗ್ಗ, ಎಮ್ಮೆಗೂ ನಾರಿನ ಹಗ್ಗ, ಒಡೆದ ಬಾಗಿಲಿಗೂ ನಾರಿನ ಹಗ್ಗ. ಅರಸೀಕೆರೆಯಿಂದ ಒಂದು ಸುರುಳಿ ತಂದು ಹ್ಯಾಂಡಲಿನ ಕುತ್ತಿಗೆಯಿಂದ ಪೆಡಲಿನವರೆಗೆ ಬಿಗಿಯಾಗಿ ಸುತ್ತಿದೆ. ನೋಡಲು ಗಟ್ಟಿಮುಟ್ಟಾಗಿತ್ತು. ಒಂದು ಮಳೆ ಬಿದ್ದ ಮೇಲೆ ಪೆಡಲು ಬಿಗಿಯಾಯಿತೆಂದು ಯಜಮಾನರ ಅಂಗಡಿಗೆ ತಳ್ಳಿಕೊಂಡು ಹೋದೆ.

ಅವರು ಸ್ಟೂಲಿನಿಂದ ಏಳಲಿಲ್ಲ. ಕೂತಲ್ಲಿಂದಲೇ ಮೇಲಿನಿಂದ ಕೆಳಗೆ ನೋಡಿದರು.

“ಏನಯ್ಯ ಇದು, ಸೈಕಲ್ಲೋ ತೆಂಗಿನ ಸಸಿಯೋ?”

“ಫ್ರೇಮಿಗೆ ಏಟು ಬೀಳಬಾರದು ಅಂತ ಸುತ್ತಿದೀನಿ ಯಜಮಾನ್ರೇ.”

“ಏಟು ಯಾಕೆ ಬೀಳ್ತೈತೆ?”

ಹೇಳಿದೆ. ಬಂಡೆ, ಹಾರುವುದು, ಟಿವಿ, ಎಲ್ಲ. ಅವರು ಹಗ್ಗವನ್ನು ಹೆಬ್ಬೆರಳಿನಿಂದ ಒತ್ತಿದರು. ನೆನೆದ ನಾರಿನಿಂದ ಕಂದು ನೀರು ಜಿನುಗಿ ಅವರ ಬೆರಳ ಸಂದಿಯಲ್ಲಿ ಇಳಿಯಿತು. ಅದನ್ನು ನನ್ನ ಅಂಗಿಗೇ ಒರೆಸಿದರು.

“ಫೂ! ಒದ್ದೆ ಕಂಬಳಿ ಹೊದಿಸಿ ಮಲಗ್ಸಿದಂಗೆ ಮಲಗ್ಸಿದೀಯಲ್ಲೋ ಕಬ್ಬಿಣನಾ. ಕಲ್ಲಿನ ಏಟಿಗೆ ಸಾಯ್ತಿತ್ತೋ ಇಲ್ವೋ, ನಿನ್ನ ಜೋಪಾನಕ್ಕೆ ಸಾಯ್ತೈತೆ. ಸರ್ಕಸ್ ಮಾಡಕ್ಕೆ ನಿಂಗೆ ಹಾಲಿನ ಕ್ಯಾನು ಸಾಲದಾ? ಹೋಗು ಆಚೆ.”

ಹೋಗಲಿಲ್ಲ. ನಿಂತೇ ಇದ್ದೆ. ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದವರು, ಒಳಗಿನಿಂದ ಮಜ್ಜಿಗೆ ತಂದು ನನ್ನ ಕೈಗಿಟ್ಟು, “ಬಯ್ತಾರೆ ಅಂದ್ರೆ ಕೆಲಸ ಹಿಡಿತಾರೆ ಅಂತ್ಲೇ ಕಣಪ್ಪ” ಎಂದರು. ಯಜಮಾನರು ಅವರಿಗೂ ಒಂದು ‘ಫೂ’ ಎಸೆದು, “ನಾಳೆ ಎಲ್ಲಿ ಹಾರ್ತೀಯೋ ಅಲ್ಲಿಗೆ ಬತ್ತೀನಿ” ಎಂದು ನನಗೆ ಹೇಳಿದರು.

ಮಾರನೆಯ ಮಧ್ಯಾಹ್ನ ಕೊಡೆ ಹಿಡಿದು ಬಂದರು. ನಾನು ಹಾರಿ ತೋರಿಸಲು ಹೊರಟರೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಂಡೆಯನ್ನು ನೋಡುತ್ತಾ ಒಂದು ಸುತ್ತು ಬಂದರು. ಅಲ್ಲಲ್ಲಿ ಕಲ್ಲಿಗೆ ನನ್ನ ಸೈಕಲ್ಲಿನ ಹಸಿರು ಬಣ್ಣ ಅಂಟಿಕೊಂಡಿತ್ತು. ಒಂದೊಂದು ಹಸಿರು ಗುರುತಿನ ಮೇಲೂ ಹೆಬ್ಬೆರಳಿಟ್ಟು, ಅದು ಫ್ರೇಮಿನ ಯಾವ ಜಾಗದ್ದು ಎಂದು ಹೇಳುತ್ತಾ ಹೋದರು. ಇದು ಪೆಡಲಿನ ಕೆಳಗಿನದು, ಇದು ಕೆಳಪೈಪಿನ ನಡುವಿನದು, ಇದು ನೀನು ಬಿದ್ದಾಗ ಎಸೆದದ್ದು. ಕೊನೆಯದನ್ನು ಹೇಳುವಾಗ ಅವರ ಮುಖ ಹುಳಿ ಹಿಂಡಿದ ಹಾಗಾಯಿತು.

“ಬೀಳುವಾಗ ಸೈಕಲ್ನ ಎಸೆದು ನೀನು ಉಳ್ಕೊತೀಯ, ಅಲ್ವಾ?”

ತಲೆ ತಗ್ಗಿಸಿದೆ.

“ಅಸಹ್ಯ. ಎಮ್ಮೆ ಮೇಲಿಂದ ಬಿದ್ದೋನೂ ಹಗ್ಗ ಬಿಡಕಿಲ್ಲ.”

ಅವತ್ತಿನಿಂದ ಅವರ ಪಾಠ ಶುರುವಾಯಿತು. ಮೊದಲು ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರ್ರು, ಬೆಲ್ಲು ಎಲ್ಲ ಬಿಚ್ಚಿಸಿದರು. ಬಿದ್ದಾಗ ಅವೇ ಬಗ್ಗಿ ಫ್ರೇಮಿಗೆ ಚುಚ್ಚುತ್ತವೆ ಎಂದರು. ಪೆಡಲು ಕೂರುವ ಕಡೆ ಫ್ರೇಮಿನ ತಳಕ್ಕೆ ಹಳೆಯ ಸ್ಕೂಟರ್ ಟೈರಿನ ತುಂಡನ್ನು ಅಂಗೈಯಾಕಾರಕ್ಕೆ ಕೊಯ್ದು ಕಟ್ಟಿದರು. ಕಲ್ಲಿಗೆ ಮೊದಲು ತಾಗುವುದು ಅದೇ. ಆಮೇಲೆ ಹಳೆಯ ಟ್ಯೂಬುಗಳನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿ, ಪೈಪನ್ನು ಒರೆಸಿ ಒಣಗಿಸಿ, ಒಂದು ಕೈ ಎಣ್ಣೆ ಸವರಿ, ಕೆಳಗಿನಿಂದ ಮೇಲಕ್ಕೆ ಸುತ್ತಿದರು. ಪ್ರತಿ ಸುತ್ತೂ ಕೆಳಗಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಮನೆಗೆ ಹೆಂಚು ಹೊದಿಸುವ ಲೆಕ್ಕ ಅದು, ನೀರು ಮೇಲಿಂದ ಜಾರಿ ಹೋಗಬೇಕೇ ಹೊರತು ಸಂದಿಗೆ ಇಳಿಯಬಾರದು. ನಾನು ಮೇಲಿನಿಂದ ಕೆಳಕ್ಕೆ ಸುತ್ತಲು ಹೋದಾಗ ಕೈಗೆ ಫಟ್ಟನೆ ಬಿತ್ತು.

“ಇದನ್ನೆಲ್ಲ ಕಟ್ಟಿದ ಮಾತ್ರಕ್ಕೆ ಫ್ರೇಮು ಉಳಿಯಕಿಲ್ಲ ಕಣಯ್ಯ. ಉಳಿಸೋದು ನಿನ್ನ ಮೊಣಕಾಲು. ಇಳಿಯುವಾಗ ಮೊಣಕಾಲು ಮಡಿಸ್ದೆ ಇದ್ರೆ ನಿನ್ನ ತೂಕ ಎಲ್ಲ ಕಬ್ಬಿಣದ ಮೇಲೆ.”

ಬಂಡೆಯನ್ನು ಮೂರು ತಿಂಗಳು ಬಿಡಿಸಿದರು. ಅಂಗಡಿಯ ಹಿಂದಿನ ಹಿತ್ತಲಲ್ಲಿ ಒಂದು ಹಳೆಯ ಟೈರು ಮಲಗಿಸಿ, ಅದರ ಮೇಲೆ ಹತ್ತಿ ಇಳಿ ಎಂದರು. ಅದಾದ ಮೇಲೆ ಎರಡು ಟೈರು, ಆಮೇಲೆ ಮೂರು. ಟೈರಿನ ಮೇಲೆ ಬಿದ್ದರೆ ಫ್ರೇಮಿಗೂ ನೋವಿಲ್ಲ, ನಿನಗೂ ಇಲ್ಲ ಅನ್ನುವುದು ಅವರ ವಾದ. ಸೈಕಲ್ ಎಸೆದು ಉಳಿದುಕೊಂಡ ಪ್ರತಿ ಸಲವೂ ಅದನ್ನು ಹೆಗಲ ಮೇಲೆ ಹೊತ್ತು ಹಿತ್ತಲಿಗೆ ಹತ್ತು ಸುತ್ತು ಹಾಕಬೇಕಿತ್ತು. ಅಮ್ಮಾವ್ರು ಅಕ್ಕಿ ಆರಿಸುತ್ತಾ ಸುತ್ತು ಎಣಿಸುತ್ತಿದ್ದರು. ಪಾಪ, ಎಂಟಕ್ಕೇ ಹತ್ತು ಅಂದುಬಿಡುತ್ತಿದ್ದರು.

ಒಂದು ಸಲ ಊರು ನೋಡಲು ಬಂದಿದ್ದ ಕೆಲವರು ಕ್ಯಾಮೆರಾ ಹಿಡಿದು, ದೇವಸ್ಥಾನದ ಜಗಲಿಯ ಕಲ್ಲಿನ ಮೇಲೆ ಹಾರು, ಫೋಟೋ ಚೆನ್ನಾಗಿ ಬರುತ್ತೆ ಎಂದು ಹುರಿದುಂಬಿಸಿದರು. ನಾನು ಅರ್ಧ ಒಪ್ಪಿಯೂ ಬಿಟ್ಟಿದ್ದೆ. ಯಜಮಾನರಿಗೆ ಹೇಳಿದೆ. ಅವರು ಆವತ್ತು ‘ಫೂ’ ಕೂಡ ಅನ್ನಲಿಲ್ಲ. “ಎಂಟುನೂರು ವರ್ಷದಿಂದ ಯಾವನೂ ಅದಕ್ಕೆ ರಬ್ಬರ್ ಸುತ್ತಿಲ್ಲ. ನಮ್ಮನ್ನ ನಂಬ್ಕೊಂಡು ಬರೀ ಮೈಯಲ್ಲಿ ನಿಂತೈತೆ. ಹಾರ್ತೀಯೇನಯ್ಯ ಅದರ ಮೇಲೆ?” ಎಂದು ಕೇಳಿ ಒಳಗೆ ಎದ್ದುಹೋದರು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವರ ಕಟ್ಟುನಿಟ್ಟಿನಲ್ಲಿ ಮುಖ್ಯವಾದದ್ದು ಅಮಾವಾಸ್ಯೆ. ಅಮಾವಾಸ್ಯೆ ದಿನ ಲಾರಿ, ಬಸ್ಸು, ಟ್ರ್ಯಾಕ್ಟರು ತೊಳೆದು ನಿಂಬೆಹಣ್ಣು ಇಟ್ಟು ಪೂಜೆ ಮಾಡುವುದು ನಮ್ಮ ಕಡೆ ಎಲ್ಲರೂ ಮಾಡುವಂಥದ್ದೇ. ಅವರ ಅಂಗಡಿಯಲ್ಲಿ ನಿಂಬೆಹಣ್ಣಿಗೆ ಮುಂಚೆ ಒಂದು ಕೆಲಸವಿತ್ತು. ಆವತ್ತು ನನ್ನ ಸೈಕಲ್ಲಿನ ಸುತ್ತು ಪೂರ್ತಿ ಬಿಚ್ಚಬೇಕು. ಬಿಚ್ಚಿದ ಫ್ರೇಮನ್ನು ಒರೆಸಿ ಅವರ ತೊಡೆಯ ಮೇಲೆ ಅಡ್ಡ ಇಡಬೇಕು. ಅವರು ಕಣ್ಣು ಮುಚ್ಚಿ ಆ ಚಪ್ಪಟೆ ಹೆಬ್ಬೆರಳನ್ನು ಬೆಸುಗೆಯಿಂದ ಬೆಸುಗೆಗೆ ಮೆಲ್ಲಗೆ ಸರಿಸುತ್ತಾ ಹೋಗುವರು. ಕಣ್ಣು ಬಣ್ಣಕ್ಕೆ ಮೋಸ ಹೋಗುತ್ತೆ, ಬೆರಳು ಹೋಗಲ್ಲ ಎನ್ನುತ್ತಿದ್ದರು. ಎಲ್ಲ ಸರಿಯಿದ್ದರೆ “ಹೂಂ, ಸುತ್ತು” ಎಂಬ ಅಪ್ಪಣೆ.

“ಸುತ್ತೋದು ದೊಡ್ಡ ವಿದ್ಯೆ ಅಲ್ಲ. ಬಿಚ್ಚಿ ನೋಡೋಕೆ ಧೈರ್ಯ ಬೇಕು. ಅಮಾಸೆ ತಪ್ಪಿಸಿದ್ಯೋ, ನನ್ನ ಅಂಗಡಿ ಮೆಟ್ಲು ಹತ್ತಬ್ಯಾಡ.”

ಒಂದೂವರೆ ವರ್ಷ ತಪ್ಪಿಸಲಿಲ್ಲ. ಆ ಹೊತ್ತಿಗೆ ನಾನು ಸೊಂಟದೆತ್ತರದ ಬಂಡೆ ಹತ್ತುತ್ತಿದ್ದೆ. ಹಿಂದಿನ ಚಕ್ರದ ಮೇಲೆ ನಿಂತು ಏಳೆಂಟು ಸಲ ಕುಪ್ಪಳಿಸುತ್ತಿದ್ದೆ. ಊರಲ್ಲಿ ಸುದ್ದಿಯಾಯಿತು. ನಮ್ಮ ಡೈರಿಯ ಸೆಕ್ರೆಟರಿಗೆ ಹುರುಪು ತಲೆಗೇರಿತು. ಅವರೊಬ್ಬ ದೊಡ್ಡ ಹೊಟ್ಟೆಯ, ಒಳ್ಳೆಯ ಮನಸ್ಸಿನ ಮನುಷ್ಯ. ಆಗಸ್ಟ್ ಹದಿನೈದಕ್ಕೆ ಸ್ಕೂಲ್ ಮೈದಾನದಲ್ಲಿ ನಿನ್ನ ಆಟ ಇಡಿಸುತ್ತೇನೆ, ಒಂದು ಬೆಂಚಿನ ಮೇಲಿಂದ ನೀನು ಹಾರು, ಕೆಳಗೆ ನಾನೇ ಅಂಗಾತ ಮಲಗುತ್ತೇನೆ ಎಂದು ಊರೆಲ್ಲ ಸಾರಿಕೊಂಡು ಬಂದರು. “ನನ್ನ ಹೊಟ್ಟೆ ದಾಟಿದ್ರೆ ನೀನು ಏನನ್ನಾದ್ರೂ ದಾಟ್ತೀಯ ಕಣೋ” ಅನ್ನುತ್ತಿದ್ದರು.

ಆಗಸ್ಟ್ ಹದಿನೈದಕ್ಕೆ ವಾರ ಮುಂಚೆ ಅಮಾವಾಸ್ಯೆ ಬಂತು. ಅಂಗಡಿಗೆ ಹೋಗುವ ಮುಂಚೆ, ಹೋದ ಕೂಡಲೇ ಕೆಲಸ ಮುಗಿಯಲಿ ಎಂದು ಡೈರಿಯ ಹಿಂದೆ ಕೂತು ನಾನೇ ಬಿಚ್ಚಿದೆ. ಹ್ಯಾಂಡಲಿನ ಕುತ್ತಿಗೆಯ ಕೆಳಗೆ, ಕೆಳಪೈಪು ಬೆಸೆದಿರುವ ಕಡೆ, ಬಣ್ಣ ಒಂದು ಚೂರು ಉಬ್ಬಿತ್ತು. ಉಗುರಿನಿಂದ ಕೆರೆದೆ. ಕೂದಲೆಳೆಯಂಥ ಒಂದು ಗೆರೆ. ಅದರೊಳಗೆ ಕೆಂಪು ತುಕ್ಕು.

ನನಗೆ ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಚೆನ್ನಾಗಿ ಗೊತ್ತಾಯಿತು. ಅದು ಬಿರುಕು. ಯಜಮಾನರಿಗೆ ತೋರಿಸಿದರೆ ಆಟ ಮುಗಿದಂತೆ. ಮೈದಾನಕ್ಕೆ ಶಾಮಿಯಾನ ಹೇಳಿಯಾಗಿತ್ತು, ಸೆಕ್ರೆಟರಿ ಹೊಸ ಪಂಚೆ ತಂದಿಟ್ಟುಕೊಂಡಿದ್ದರು, ನಾನಂತೂ ಕನಸಿನಲ್ಲೇ ಚಪ್ಪಾಳೆ ಕೇಳುತ್ತಿದ್ದೆ. ಹೊಸ ಪಟ್ಟಿ ತೆಗೆದು ಅದನ್ನು ಮುಚ್ಚಿದೆ. ಸಮಾಧಾನವಾಗದೆ ಅದೇ ಜಾಗಕ್ಕೆ ಮತ್ತೆ ಮೂರು ಸುತ್ತು ಬಿಗಿದೆ. ಅಂಗಡಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಹಾಲಿಗೆ ನೀರು ಬೆರೆಸಿ ತಂದವರಿಗೆ ದಿನಾ ಬೆಳಿಗ್ಗೆ ನಾಲ್ಕು ಜನರೆದುರು ಛೀಮಾರಿ ಹಾಕುತ್ತಿದ್ದವನು ನಾನು!

ಮೈದಾನದಲ್ಲಿ ಜನ ಸೇರಿತ್ತು. ಧ್ವಜಾರೋಹಣ, ಭಾಷಣ, ಮಿಠಾಯಿ ಎಲ್ಲ ಆಗಿ ನನ್ನ ಸರದಿ ಬಂತು. ಸೆಕ್ರೆಟರಿ ಬೆಂಚಿನ ಮುಂದೆ ಅಂಗಾತ ಮಲಗಿ, ಹೊಸ ಪಂಚೆ ಸರಿಮಾಡಿಕೊಂಡು, ಕೈ ಮುಗಿದು ಕಣ್ಣು ಮುಚ್ಚಿದರು. ಜನ ನಕ್ಕರು. ನಾನು ಸೈಕಲ್ ಹತ್ತುವಷ್ಟರಲ್ಲಿ ಯಜಮಾನರು ಗುಂಪು ಸೀಳಿಕೊಂಡು ಬಂದರು. ಬೆನ್ನು ತಟ್ಟಲು ಬಂದರು ಅಂದುಕೊಂಡೆ. ಅವರು ನನ್ನನ್ನು ನೋಡಲಿಲ್ಲ. ಹೆಬ್ಬೆರಳು ಫ್ರೇಮಿನ ಮೇಲೆ ಪೆಡಲಿನಿಂದ ಮೇಲಕ್ಕೆ ಸರಿಯುತ್ತಾ ಬಂದು ಕುತ್ತಿಗೆಯ ಹತ್ತಿರ ನಿಂತಿತು.

“ಈ ಜಾಗದಲ್ಲಿ ಮಾತ್ರ ಯಾಕಯ್ಯ ಇಷ್ಟು ದಪ್ಪ?”

ಅವರು ಜೇಬಿನಿಂದ ಚಾಕು ತೆಗೆದು ಸುತ್ತನ್ನು ಸರ್ರನೆ ಸೀಳಿದರು. ರಬ್ಬರು ಬಿಚ್ಚಿಕೊಂಡು ಜೋತುಬಿತ್ತು. ಅವರು ಬಗ್ಗಿ ನೋಡಿದರು. ಆಮೇಲೆ ನೆಲದ ಮೇಲೆ ಮಲಗಿದ್ದ ಸೆಕ್ರೆಟರಿಯ ಹೊಟ್ಟೆಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟವನ್ನು ನನಗೆ ಇವತ್ತಿಗೂ ಒರೆಸಿಕೊಳ್ಳಲಾಗಿಲ್ಲ. ನನ್ನ ಕಾಲ ಬುಡಕ್ಕೆ ನಿಜವಾಗಿಯೇ ಉಗಿದರು.

“ಏಳಪ್ಪ ಮೇಲೆ” ಎಂದು ಸೆಕ್ರೆಟರಿಯನ್ನು ಕೈ ಹಿಡಿದು ಎಬ್ಬಿಸಿದರು. ಸೈಕಲ್ಲನ್ನು ನನ್ನ ಕೈಯಿಂದ ಕಿತ್ತುಕೊಂಡು ತಳ್ಳುತ್ತಾ ಹೊರಟರು. ಇಡೀ ಮೈದಾನ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ನಾನು ನಾಯಿಯ ಹಾಗೆ ಹಿಂದೆ ಹಿಂದೆ ಹೋದೆ.

ಅಂಗಡಿಯಲ್ಲಿ ಗರಗಸ ತೆಗೆದು ಆ ಫ್ರೇಮನ್ನು ಎರಡು ತುಂಡು ಮಾಡಿದರು. ಬೇರೆ ಯಾರೂ ಅದನ್ನು ಬೆಸೆದು ಹತ್ತಬಾರದು ಅಂತ. ಕೆಲಸ ಮುಗಿದ ಮೇಲೆ ತಮ್ಮ ಬಾಯಿ ಅಗಲಿಸಿ, ಹಲ್ಲಿಲ್ಲದ ಸಂದಿಗೆ ಹೆಬ್ಬೆರಳಿಟ್ಟು ತೋರಿಸಿದರು.

“ಇದು ಎಂಗೆ ಹೋಯ್ತು ಅಂತ ಒಂದಿನಾನೂ ಕೇಳ್ಲಿಲ್ಲ ನೀನು. ಅರಸೀಕೆರೇಲಿ, ನಿನ್ನ ವಯಸ್ಸಲ್ಲಿ, ನೆಲಕ್ಕೆ ಕಾಲಿಡದೆ ಐದು ದಿನ ಸೈಕಲ್ ಹೊಡಿತೀನಿ ಅಂತ ಪಣ ಕಟ್ಟಿದ್ದೆ. ಮೂರನೇ ದಿನ ಬಾರಿನ ಕೆಳಗೆ ಬಿರುಕು ಕಾಣ್ತು. ಜನ ನೋಡ್ತಾವ್ರಲ್ಲ, ಬಣ್ಣದ ಕಾಗದ ಇಸ್ಕೊಂಡು ಹತ್ತಿದ್ದಂಗೇ ಸುತ್ಬುಟ್ಟೆ. ಚೆಂದ ಕಾಣ್ತೈತೆ ಅಂತ ಚಪ್ಪಾಳೆ ಬೇರೆ ಹೊಡೆದ್ರು. ನಾಕನೇ ದಿನ ಮುರೀತು. ನನ್ನ ಹಲ್ಲಲ್ಲಿ ಹೋಯ್ತು. ನೀನು ಇನ್ನೊಬ್ಬನ ಹೊಟ್ಟೆ ಇಟ್ಟು ಆಡಕ್ಕೆ ಹೋದ್ಯಲ್ಲಯ್ಯ. ನನಗಿಂತ ಕೀಳು ನೀನು.”

ನಾಲ್ಕು ತಿಂಗಳು ನನ್ನನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಪ್ರತಿ ಅಮಾವಾಸ್ಯೆ ಹೋಗಿ ಮೆಟ್ಟಿಲ ಕೆಳಗೆ ನಿಂತು ಬರುತ್ತಿದ್ದೆ. ಸೈಕಲ್ಲೇ ಇಲ್ಲದವನು ಏನು ಬಿಚ್ಚಬೇಕು? ಆದರೂ ಹೋಗುತ್ತಿದ್ದೆ. ಐದನೆಯ ಅಮಾವಾಸ್ಯೆಗೆ ಒಳಗಿನಿಂದ ಒಂದು ಫ್ರೇಮು ತಂದು ನನ್ನ ಮುಂದೆ ಕುಕ್ಕಿದರು. ಜಾವಗಲ್ಲಿಗೆ ಹೋಗಿ ತಾವೇ ಎದುರಿಗೆ ನಿಂತು, ಕುತ್ತಿಗೆಯ ಮೂಲೆಗೆ ತ್ರಿಕೋನದ ಒಂದು ಕಬ್ಬಿಣದ ಪಟ್ಟಿ ಕೂರಿಸಿ ಬೆಸೆಸಿಕೊಂಡು ಬಂದದ್ದು. “ಫೂ. ದಿನಾ ಬಂದು ನಿಂತ್ಕೊಂಡು ಗಿರಾಕಿಗಳ್ನ ಓಡಿಸ್ತೀಯ” ಎಂದರು. ನಾಲ್ಕು ತಿಂಗಳಿಗೆ ನಾಲ್ಕು ದಿನ ಬಂದದ್ದು ಅವರಿಗೆ ದಿನಾ ಬಂದ ಹಾಗೆ ಕಂಡಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ಅದಕ್ಕೂ ಒಂದು ‘ಫೂ’ ಬಿತ್ತು.

ಆಮೇಲಿನ ಐದಾರು ವರ್ಷ ಅಮಾವಾಸ್ಯೆ ತಪ್ಪಲಿಲ್ಲ. ಆ ಫ್ರೇಮು ಬಿರುಕು ಬಿಡಲಿಲ್ಲ. ಬೇಲೂರಿನಲ್ಲಿ, ಅರಸೀಕೆರೆಯಲ್ಲಿ ಆಟ ತೋರಿಸಿದೆ. ಯಾರನ್ನೂ ಕೆಳಗೆ ಮಲಗಿಸದೆ. ಯಜಮಾನರು ಹಿಂದಿನ ಸಾಲಿನಲ್ಲಿ ನಿಂತು, ಪಕ್ಕದವರಿಗೆ ನನ್ನ ಮೊಣಕಾಲಿನ ತಪ್ಪುಗಳನ್ನು ತೋರಿಸುತ್ತಿದ್ದರು.

ಇನ್ನು ಹೇಳಬೇಕಾದದ್ದನ್ನು ಹೇಳಲು ನನಗೆ ಹೇಸಿಗೆಯಾಗುತ್ತದೆ. ಆದರೂ ಬಿಚ್ಚಬೇಕು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಎಲ್ಲರಿಗೂ ಗೊತ್ತಿತ್ತು. ಒಂದು ಮಳೆಗಾಲದಲ್ಲಿ ಅವರು ಬಲಗಾಲಿಗೆ ಎಂದಿನ ಚಪ್ಪಲಿ, ಎಡಗಾಲಿಗೆ ಮಾತ್ರ ಒಂದು ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಕೂತಿರುವುದನ್ನು ನೋಡಿದೆ. ಶೂ ಬಿಗಿಯಾಗಿ ಉಬ್ಬಿತ್ತು. “ಕಾಲು ಉಳುಕೈತೆ, ಬಟ್ಟೆ ಕಟ್ಟಿವ್ನಿ” ಎಂದರು. ಸರಿ ಅಂದೆ. ಅಂಗಡಿಯಲ್ಲಿ ಪಂಚರ್ ಸೊಲ್ಯೂಷನ್ನಿನ ವಾಸನೆ, ಗ್ರೀಸಿನ ವಾಸನೆ, ಹಳೆಯ ರಬ್ಬರಿನ ವಾಸನೆ ಯಾವಾಗಲೂ ಇರುತ್ತಿತ್ತು. ಅವುಗಳ ಕೆಳಗೆ ಇನ್ನೊಂದು ವಾಸನೆ ಇತ್ತು. ಹಾಲು ಒಡೆಯುವುದಕ್ಕೆ ಒಂದು ಗಂಟೆ ಮುಂಚೆ ಕಂಡುಹಿಡಿಯುವ ನನ್ನ ಈ ದರಿದ್ರ ಮೂಗಿಗೆ ಅದು ಬಡಿಯಿತು. ಮೊದಲ ದಿನವೇ ಬಡಿಯಿತು. ದೊಡ್ಡವರು, ಏನೆಂದು ಕೇಳುವುದು, ಬೇಜಾರು ಮಾಡಿಕೊಂಡಾರು ಎಂದು ಸುಮ್ಮನಾದೆ. ಒಂದು ಅಮಾವಾಸ್ಯೆ ಹಾಗೇ ಹೋಯಿತು. ನನ್ನ ಫ್ರೇಮಿನ ಮೇಲೆ ಅವರ ಹೆಬ್ಬೆರಳು ಓಡಾಡುವಾಗ ನಾನು ಮೂಗನ್ನು ಆ ಕಡೆ ತಿರುಗಿಸಿಕೊಂಡು ಕೂತಿದ್ದೆ.

ಮುಂದಿನ ಅಮಾವಾಸ್ಯೆಗೆ ಹೋದಾಗ ಅವರಿಗೆ ಸ್ಟೂಲಿನಿಂದ ಏಳಲಾಗಲಿಲ್ಲ. ಏಳಲು ಹೋದವರು ಹಾಗೇ ಗೋಡೆಗೆ ಒರಗಿ ಕುಸಿದರು. ಮೈ ಕೆಂಡವಾಗಿತ್ತು. ಅಮ್ಮಾವ್ರು ಓಡಿಬಂದು ಶೂ ಎಳೆದರು. ಒಳಗೆ ಬಟ್ಟೆ. ಬಟ್ಟೆಯ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ, ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಅರ್ಧ ಸುತ್ತು ಕೂರಿಸಿ ಸುತ್ತಿದ್ದು, ಹೆಂಚು ಹೊದಿಸಿದ ಲೆಕ್ಕದಲ್ಲಿ. ಅವರದೇ ಚಾಕುವಿನಿಂದ ನಾನೇ ಸೀಳಿದೆ. ಸೈಕಲ್ಲಿನ ಕಡ್ಡಿಯ ಚೂರು ಚುಚ್ಚಿ ಆದ ಗಾಯವಂತೆ. ಅದು ಈಗ ಗಾಯದ ಹಾಗಿರಲಿಲ್ಲ. ನಾನು ಮುಖ ತಿರುಗಿಸಿದೆ. ಅಮ್ಮಾವ್ರು ತಿರುಗಿಸಲಿಲ್ಲ. ಸೆರಗಿನಿಂದ ಒರೆಸುತ್ತಾ, “ಉಳುಕು ಅಂದ್ರಲ್ರೀ, ಉಳುಕು ಅಂದ್ರಲ್ರೀ” ಎಂದು ಅದೊಂದನ್ನೇ ಹೇಳುತ್ತಿದ್ದರು.

ಹಾಸನದ ಆಸ್ಪತ್ರೆಗೆ ಸೇರಿಸಿದೆವು. ವಿಷ ಮೈಗೆಲ್ಲ ಏರಿಬಿಟ್ಟಿದೆ, ಇನ್ನೂ ಮೊದಲು ಬರಬೇಕಿತ್ತು ಎಂದರು ಡಾಕ್ಟರು. ಯಜಮಾನರು ಮಂಚದ ಮೇಲೆ ಮಲಗಿ ಚಾವಣಿ ನೋಡುತ್ತಿದ್ದರು. ನನ್ನ ಸಿಟ್ಟು ತಡೆಯಲಾಗಲಿಲ್ಲ.

“ಯಾಕೆ ಯಜಮಾನ್ರೇ? ಊರವರ ಸೈಕಲ್ಲೆಲ್ಲ ಬಿಚ್ಚಿ ನೋಡಿದೋರು ನೀವು.”

“ತೋರ್ಸಿದ್ರೆ ಕಾಲು ತೆಗಿತೀವಿ ಅಂತಿದ್ರು” ಎಂದರು. ಆಮೇಲೆ ಹಲ್ಲಿಲ್ಲದ ಬಾಯಿ ಒಂದಿಷ್ಟು ಅಗಲಿಸಿ, “ಸುತ್ತಿದ್ದು ಮಾತ್ರ ಸರಿಯಾಗಿತ್ತು ಕಣಯ್ಯ. ಒಂದು ತೊಟ್ಟು ನೀರು ಒಳಕ್ಕೆ ಹೋಗ್ಲಿಲ್ಲ” ಎಂದರು.

“ಥೂ” ಎಂದೆ. ಅಷ್ಟು ವರ್ಷದಲ್ಲಿ ಅವರಿಗೆ ನಾನು ಹಾಗಂದದ್ದು ಅದೊಂದೇ ಸಲ. ಅವರು ಖುಷಿಯಾದರು. ನನ್ನ ಮಣಿಕಟ್ಟು ಹಿಡಿದು ಹೆಬ್ಬೆರಳಿನಿಂದ ಒತ್ತಿ, “ಈಗ ಕಲಿತೆ” ಎಂದರು. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಅವರನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಮೈತುಂಬ ಹೂವು ಹಾಕಿದ್ದರು. ಬಂದವರೆಲ್ಲ ಎಷ್ಟು ಕಳೆಯಾಗಿದ್ದಾರೆ ನೋಡಿ ಎನ್ನುತ್ತಿದ್ದರು. ಎಡಗಾಲಿನ ಮೇಲೆ ಮಾತ್ರ ಎರಡು ಹಾರ ಜಾಸ್ತಿ ಇಟ್ಟಿದ್ದರು.

ಅವತ್ತು ಮೈದಾನದಲ್ಲಿ ನೂರಾರು ಜನರ ಎದುರು ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ. ಈ ಜಾಗದಲ್ಲಿ ಮಾತ್ರ ಯಾಕಯ್ಯ ಇಷ್ಟು ದಪ್ಪ? ಅದನ್ನು ಕೇಳಿದ್ದಕ್ಕೆ ಸೆಕ್ರೆಟರಿ ಬದುಕಿದರು, ನಾನೂ ಬದುಕಿದೆ. ಆ ಉಬ್ಬಿದ ಶೂ ನೋಡಿದ ಮೊದಲ ದಿನವೇ ನಾನು ಅದೇ ಪ್ರಶ್ನೆಯನ್ನು ಅವರಿಗೆ ಕೇಳಬೇಕಿತ್ತು. ಬೈಯುತ್ತಿದ್ದರು, ಉಗಿಯುತ್ತಿದ್ದರು, ನಾಲ್ಕು ತಿಂಗಳು ಒಳಗೆ ಬಿಡುತ್ತಿರಲಿಲ್ಲ. ಇದ್ದಿರುತ್ತಿದ್ದರು. ನನ್ನ ಮರ್ಯಾದೆ ಅವರನ್ನು ಕೊಂದಿತು ಎಂದರೆ ಜನ ಛೆ ಛೆ ಹಾಗನ್ನಬಾರದು ಎನ್ನುತ್ತಾರೆ. ಅದೂ ಒಂದು ಸುತ್ತೇ.

ಈಗ ನಾನು ಬಂಡೆ ಹತ್ತುವ ವಯಸ್ಸು ದಾಟಿದ್ದೇನೆ. ಫ್ರೇಮು ಇದೆ. ಅಮಾವಾಸ್ಯೆಗೆ ಬಿಚ್ಚುತ್ತೇನೆ, ಬೆರಳಾಡಿಸುತ್ತೇನೆ, ಸುತ್ತುತ್ತೇನೆ. ಅದಾದ ಮೇಲೆ ಹಳೇಬೀಡಿಗೆ ಹೋಗುತ್ತೇನೆ. ಅಮ್ಮಾವ್ರಿಗೂ ಈಗ ಸಕ್ಕರೆ ಕಾಯಿಲೆ. ನನ್ನನ್ನು ಕಂಡ ಕೂಡಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎರಡೂ ಕಾಲು ಚಾಚುತ್ತಾರೆ. “ಏನೂ ಇಲ್ಲ ಕಣಪ್ಪ, ನಿನ್ನ ಸಮಾಧಾನಕ್ಕೆ ನೋಡ್ಕೊ” ಎನ್ನುತ್ತಾರೆ. ಕಣ್ಣು ಮುಚ್ಚಿ ಅವರ ಅಂಗಾಲಿನ ಮೇಲೆ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಹೆಬ್ಬೆರಳು ಸರಿಸುತ್ತೇನೆ. ರಸ್ತೆಯಲ್ಲಿ ಹೋಗುವವರು ನಾನು ನಮಸ್ಕಾರ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.